ಹಲವು ಭಾಷೆಗಳ ತರಗತಿಯಲ್ಲಿ ನಿಲ್ಲದ ಗಮನ

ಪಾಠದ ನಡುವೆ ಎದ್ದು ಓಡಾಡುವ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವ, ಎರಡು ಸಾಲು ಬರೆಯುವಷ್ಟರಲ್ಲಿ ಮನಸ್ಸು ಬೇರೆಡೆ ಹರಿಯುವ ಮಗುವನ್ನು ತುಂಟ ಅಥವಾ ಸೋಮಾರಿ ಎಂದು ಕರೆಯುವುದು ರೂಢಿಯಾಗಿದ್ದರೂ, ಇಂಥವರಲ್ಲಿ ಕೆಲವರಿಗೆ ಇರುವುದು ಎಡಿಎಚ್‌ಡಿ ಎಂಬ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಗಮನವನ್ನು ಒಂದೆಡೆ ನಿಲ್ಲಿಸುವುದು, ತಕ್ಷಣದ ಪ್ರೇರಣೆಯನ್ನು ತಡೆದುಕೊಳ್ಳುವುದು, ಹೇಳಿದ ಮಾತನ್ನು ಕೆಲಸ ಮುಗಿಯುವವರೆಗೆ ನೆನಪಿನಲ್ಲಿ ಹಿಡಿದಿಡುವುದು, ಅಂದರೆ ಕಾರ್ಯಸ್ಮೃತಿ, ಇವು ಆ ಮಕ್ಕಳಿಗೆ ಕಷ್ಟವಾಗುತ್ತವೆ. ಬುದ್ಧಿಮಟ್ಟದ ಪ್ರಶ್ನೆ ಇದರಿಂದ ಬೇರೆಯೇ.

ಹೈದರಾಬಾದಿನ ಕನ್ನಡ ಮನೆಗಳ ಮಕ್ಕಳಲ್ಲಿ ಈ ತೊಂದರೆಯನ್ನು ಗುರುತಿಸುವುದು ಇನ್ನಷ್ಟು ತೊಡಕಿನದು. ಕಾಚಿಗುಡದ ನೃಪತುಂಗ ಶಾಲೆಯಂಥ ಕನ್ನಡ ಸಂಸ್ಥೆ ಅಲ್ಲಿದ್ದರೂ, ಬಹಳಷ್ಟು ಮಕ್ಕಳು ಮನೆಯಲ್ಲಿ ಕನ್ನಡವಾಡಿ, ಇಂಗ್ಲಿಷಿನಲ್ಲಿ ಪಾಠ ಕೇಳಿ, 2018ರ ತೆಲಂಗಾಣ ಕಾನೂನಿನಂತೆ ತೆಲುಗನ್ನೂ ಕಡ್ಡಾಯವಾಗಿ ಕಲಿಯುತ್ತಾರೆ. ಮಾತು ಅರ್ಥವಾಗದೆ ಕಿಟಕಿಯತ್ತ ನೋಡುವ ಮಗುವೂ ಗಮನವಿಲ್ಲದ ಮಗುವಿನಂತೆಯೇ ಕಾಣುತ್ತದೆ. 2013ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಇಲ್ಲಿ ನೆರವಾಗುತ್ತದೆ: ಲಕ್ಷಣಗಳು 12 ವರ್ಷಕ್ಕೆ ಮೊದಲೇ ಆರಂಭವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಕಾಣಿಸಬೇಕು. ಕನ್ನಡದಲ್ಲಿ ಹೇಳಿದ ಕಥೆಯನ್ನು ಮಗು ಕೊನೆಯವರೆಗೆ ಕೇಳುತ್ತದೆಯಾದರೆ ಮೊದಲು ಭಾಷೆ, ಶ್ರವಣ, ದೃಷ್ಟಿಗಳನ್ನು ಪರೀಕ್ಷಿಸುವುದು ಸರಿ. ಎರಡೂ ಕಡೆ ಚಡಪಡಿಕೆ ಒಂದೇ ತೆರನಾಗಿದ್ದರೆ ಭಾಷೆಯ ನೆಪ ಹೇಳಿ ಕಾಯುವುದು ಮಗುವಿಗೆ ಮಾಡುವ ಅನ್ಯಾಯ.

ಹಾಗಾದರೆ ಮಗುವನ್ನು ತೋರಿಸುವುದು ಯಾರಿಗೆ? ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯ ಮುಖ್ಯ ಕ್ಷೇತ್ರ ಬೌದ್ಧಿಕ ಅಂಗವೈಕಲ್ಯ. ಆದ್ದರಿಂದ ಗಮನದ ತೊಂದರೆಗೆ ಮೊರೆಹೋಗಬೇಕಾದದ್ದು ಮಕ್ಕಳ ಮನೋವೈದ್ಯರನ್ನು ಅಥವಾ ಬೆಳವಣಿಗೆಯ ತಜ್ಞರನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಸ್ಥಾನವಿದ್ದು, ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲದಿರುವುದರಿಂದ, ತರಗತಿಯ ಅನುಕೂಲಗಳು ಬಹುಮಟ್ಟಿಗೆ ಶಿಕ್ಷಕರ ಒಳ್ಳೆಯ ಮನಸ್ಸನ್ನೇ ಅವಲಂಬಿಸಿವೆ.

ಆ ಅನುಕೂಲಗಳು ದುಬಾರಿಯವಲ್ಲ. ಪುಸ್ತಕ ತೆಗೆ, ಪುಟ ತೆರೆ, ಲೆಕ್ಕ ಬರೆ ಎಂದು ಒಂದೇ ಉಸಿರಿಗೆ ಹೇಳದೆ ಒಂದೊಂದೇ ಸೂಚನೆ ಕೊಟ್ಟು ಅದನ್ನು ಹಲಗೆಯ ಮೇಲೂ ಬರೆದರೆ ಕಾರ್ಯಸ್ಮೃತಿಯ ಹೊರೆ ಇಳಿಯುತ್ತದೆ. ಒಂಬತ್ತು ಲೆಕ್ಕಗಳನ್ನು ಮೂರು ಮೂರಾಗಿ ಒಡೆದು ನಡುವೆ ಎದ್ದು ಬರಲು ಬಿಡಬೇಕು, ಬಾಗಿಲಿಂದ ದೂರ, ಶಿಕ್ಷಕರಿಗೆ ಹತ್ತಿರ ಕೂರಿಸಬೇಕು, ಮೆಚ್ಚುಗೆಯನ್ನು ವಾರದ ಕೊನೆಗೆ ಇಟ್ಟುಕೊಳ್ಳದೆ ಆ ಕ್ಷಣವೇ ಹೇಳಬೇಕು, ಏಕೆಂದರೆ ದೂರದ ಬಹುಮಾನ ಈ ಮಕ್ಕಳನ್ನು ಹಿಡಿದಿಡುವುದು ಕಡಿಮೆ. ಎರಡು ಮೂರು ಗುರಿಗಳನ್ನಷ್ಟೇ ಬರೆದ ಚೀಟಿ ದಿನವೂ ಶಾಲೆಯಿಂದ ಮನೆಗೆ ಬಂದರೆ ತಂದೆತಾಯಿಗಳೂ ಅದೇ ದಿನ ಪ್ರೋತ್ಸಾಹಿಸಬಲ್ಲರು.

6 ವರ್ಷದೊಳಗಿನವರಿಗೆ ಔಷಧಕ್ಕಿಂತ ಮೊದಲು ಪೋಷಕರಿಗೆ ತರಬೇತಿ ಸಲ್ಲುತ್ತದೆ. ದೊಡ್ಡ ಮಕ್ಕಳಿಗೆ ಮಿಥೈಲ್‌ಫೆನಿಡೇಟ್‌ನಂಥ ಔಷಧವನ್ನು ತಜ್ಞರ ನಿಗಾದಲ್ಲಿ ಮಾತ್ರ ಕೊಡಬೇಕು. ಔಷಧ ಗಮನವನ್ನು ನಿಲ್ಲಿಸಲು ನೆರವಾದೀತು, ತಪ್ಪಿಹೋದ ಪಾಠವನ್ನು ಕಲಿಸದು. ಆದ್ದರಿಂದ ನಾಳಿನ ಪಾಠದ ತಿರುಳನ್ನು ಹಿಂದಿನ ಸಂಜೆ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿಕೊಂಡರೆ, ಇಂಗ್ಲಿಷಿನ ಪಾಠ ಕೇಳುವಾಗ ಮಗು ಹೊಸ ಪದ ಮತ್ತು ಹೊಸ ವಿಷಯ ಎರಡರೊಡನೆಯೂ ಏಕಕಾಲಕ್ಕೆ ಹೆಣಗಬೇಕಾಗುವುದಿಲ್ಲ.