ಮೆಡಿಚಿ ಮನೆತನ: ನಾಟಕವೂ ಲೆಕ್ಕದ ಪುಸ್ತಕವೂ

2016ರಲ್ಲಿ ಇಟಲಿಯ ದೂರದರ್ಶನದಲ್ಲಿ ಪ್ರಸಾರವಾದ ‘ಮೆಡಿಚಿ’ ಧಾರಾವಾಹಿಯು ಕೊಲೆಯೊಂದರಿಂದ ಆರಂಭವಾಗುತ್ತದೆ. ಫ್ಲಾರೆನ್ಸಿನ ಬ್ಯಾಂಕರ್ ಜಿಯೊವಾನ್ನಿ ಮೆಡಿಚಿಗೆ ಯಾರೋ ವಿಷವಿಕ್ಕಿರುತ್ತಾರೆ. ಮಗ ಕೊಸಿಮೊ ಕೊಲೆಗಾರನನ್ನು ಅರಸುತ್ತಾನೆ. ಜಿಯೊವಾನ್ನಿಯು 1429ರಲ್ಲಿ ತೀರಿಕೊಂಡುದು ನಿಜ. ಆಗ ಆತನಿಗೆ ಸುಮಾರು ಎಪ್ಪತ್ತು ವರ್ಷ. ವಿಷಪ್ರಾಶನವು ಕೇವಲ ಕಲ್ಪನೆ.

ನಾಟಕಕಾರನಿಗೆ ಇಷ್ಟು ಸ್ವಾತಂತ್ರ್ಯ ಸಲ್ಲಬೇಕೆಂಬುದನ್ನು ನಾವು ಒಪ್ಪುತ್ತೇವೆ. 1420ರಲ್ಲೇ ಆರಂಭವಾಗಿ ಉಣ್ಣೆ ವರ್ತಕರ ಸಂಘದ ಹೊಣೆಯಲ್ಲಿ 1436ರಲ್ಲಿ ಪೂರೈಸಿದ ಮಹಾಗುಮ್ಮಟವನ್ನು ಕೊಸಿಮೊನ ಕನಸೆಂದು ತೋರಿಸಿರುವುದನ್ನೂ ಕ್ಷಮಿಸಬಹುದು. ನಮ್ಮ ಆಕ್ಷೇಪಣೆ ಬೇರೆ. ಈ ಮನೆತನದ ಅಧಿಕಾರವು ಹಗೆತನದಿಂದ ಬೆಳೆದುದೆಂಬ ಭಾವನೆಯನ್ನು ನಾಟಕವು ಮೂಡಿಸುತ್ತದೆ. ಅದು ಬೆಳೆದುದು ಲೆಕ್ಕದ ಪುಸ್ತಕಗಳಲ್ಲಿ. 1397ರಿಂದ 1450ರವರೆಗಿನ ಮೂರು ರಹಸ್ಯ ಪುಸ್ತಕಗಳು 1950ರಲ್ಲಿ ಫ್ಲಾರೆನ್ಸಿನ ಪತ್ರಾಗಾರದಲ್ಲಿ ದೊರೆತುವು. ಮೊದಲ 23 ವರ್ಷಗಳ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಪೋಪರ ಹಣದ ವ್ಯವಹಾರ ನಡೆಸುತ್ತಿದ್ದ ರೋಮ್ ಶಾಖೆಯದೆಂದು ಅವುಗಳಿಂದ ತಿಳಿಯುತ್ತದೆ. ಬಡ್ಡಿಯನ್ನು ಪಾಪವೆನ್ನುತ್ತಿದ್ದ ಚರ್ಚಿನೊಡನೆಯೇ ಈ ವ್ಯವಹಾರ! ಲಾಭವು ಹುಂಡಿಗಳ ವಿನಿಮಯದರದಲ್ಲಿ ಮರೆಯಾಗಿರುತ್ತಿತ್ತು. ಇದನ್ನು ತೆರೆಯ ಮೇಲೆ ತೋರಿಸುವುದು ಸುಲಭವಲ್ಲವೆಂಬುದನ್ನು ಬಲ್ಲೆವು.

ಆದರೆ ಹಣವೇ ನಾಟಕವಾದ ಪ್ರಸಂಗವೂ ಉಂಟು. 1433ರಲ್ಲಿ ಅಲ್ಬಿಜ್ಜಿ ಪಕ್ಷದವರು ಕೊಸಿಮೊನನ್ನು ಗೋಪುರದಲ್ಲಿ ಸೆರೆಯಿಟ್ಟರು. ನಗರದ ಮುಖ್ಯಾಧಿಕಾರಿಯು 1000 ಫ್ಲಾರಿನ್ ಲಂಚ ಪಡೆದನು. ಮರಣದಂಡನೆ ತಪ್ಪಿ ಗಡೀಪಾರು ಒದಗಿತು. ಮರುವರ್ಷ ಹಿಂದಿರುಗಿದ ಕೊಸಿಮೊ ತನ್ನ ಟಿಪ್ಪಣಿಯಲ್ಲಿ ಅವರ ಅಲ್ಪತನಕ್ಕೆ ನಕ್ಕಿದ್ದಾನೆ: ಕೇಳಿದ್ದರೆ 10,000ವಾದರೂ ದೊರೆಯುತ್ತಿತ್ತಂತೆ.