ಹಟ್ಟಿಯ ಕತ್ತಲೆಗೆ ಒಪ್ಪುವ ಕಣ್ಣು: ರೇಂಜ್‌ಫೈಂಡರ್ ಕ್ಯಾಮೆರಾ ಮತ್ತು ವೇಗದ ವೈಡ್ ಆಂಗಲ್ ಲೆನ್ಸ್

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಬೆಳಕಿಗೆ ಎರಡು ಮುಖಗಳು. ನೆಲದ ಮೇಲೆ ಕಣ್ಣು ಕುಕ್ಕುವ ಬಿಸಿಲು. ನೆಲದಡಿ, ಎರಡು ಸಾವಿರ ಅಡಿಗೂ ಆಳಕ್ಕೆ ಇಳಿದಿರುವ ಚಿನ್ನದ ಗಣಿಯ ಕೆಲಸದ ಜಾಗಗಳಲ್ಲಿ, ಕಾರ್ಮಿಕರ ತಲೆಯ ಮೇಲಿನ ದೀಪ ಬಿದ್ದಷ್ಟೇ ಬೆಳಕು. ಈ ಎರಡನ್ನೂ ಒಂದೇ ಸಾಧನದಿಂದ ಚಿತ್ರಿಸಬೇಕೆನ್ನುವ ಛಾಯಾಗ್ರಾಹಕನಿಗೆ ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂಬುದು ಶೋಕಿಯ ಪ್ರಶ್ನೆಯಲ್ಲ.

ಪ್ರಶ್ನೆಗೆ ಇನ್ನೊಂದು ತೂಕವೂ ಇದೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಲ್ಲಿನ ಸುರಂಗಗಳಲ್ಲಿ ಜನ ಹೇಗೆ ದುಡಿದರು ಎಂಬುದನ್ನು ಇಂದು ಕಣ್ಣಾರೆ ಕಾಣಬೇಕಾದರೆ ಉಳಿದಿರುವುದು ಹಳೆಯ ಚಿತ್ರಗಳು ಮಾತ್ರ. ನಿಜಾಮರ ಆಡಳಿತದಲ್ಲಿ, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಆರಂಭವಾದ ಹಟ್ಟಿಯ ಕಂಪನಿ ಇಂದು ರಾಜ್ಯ ಸರ್ಕಾರದ ಉದ್ಯಮ. ಅಲ್ಲಿ ದುಡಿಮೆ ಇನ್ನೂ ನಡೆದಿದೆ. ಅದನ್ನು ದಾಖಲಿಸುವ ಅವಕಾಶವೂ ಇನ್ನೂ ಇದೆ.

ಫ್ಲ್ಯಾಶ್ ಏಕೆ ಬೇಡ?

ಕತ್ತಲೆಯಲ್ಲಿ ಚಿತ್ರ ತೆಗೆಯಲು ಸುಲಭದ ದಾರಿ ಫ್ಲ್ಯಾಶ್. ಆದರೆ ಅದು ಎದುರಿಗಿನ ಮುಖವನ್ನು ಬಿಳಿಚಿಸಿ, ಹಿಂದಿನ ಸುರಂಗವನ್ನು ಕಪ್ಪಾಗಿಸುತ್ತದೆ. ಗಾಳಿಯಲ್ಲಿ ತೇಲುವ ದೂಳಿನ ಕಣಗಳು ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ಕತ್ತಲೆಗೆ ಹೊಂದಿಕೊಂಡ ಕಾರ್ಮಿಕನ ಕಣ್ಣಿಗೆ ದಿಢೀರ್ ಬೆಳಕು ಬಡಿದರೆ ಕ್ಷಣಕಾಲ ಏನೂ ಕಾಣದು. ಯಂತ್ರದ ಮುಂದೆ ನಿಂತವನಿಗೆ ಅದು ಅಪಾಯ. ಎಲ್ಲಕ್ಕಿಂತ ಮಿಗಿಲಾಗಿ, ಅವನು ಎಂಥ ಬೆಳಕಿನಲ್ಲಿ ದುಡಿಯುತ್ತಾನೆ ಎಂಬ ಸತ್ಯವೇ ಚಿತ್ರದಿಂದ ಅಳಿಸಿಹೋಗುತ್ತದೆ.

ಆಗ ನೆರವಿಗೆ ಬರುವುದು ವೇಗದ ಲೆನ್ಸ್. ಇಲ್ಲಿ ವೇಗವೆಂದರೆ ಹೆಚ್ಚು ಬೆಳಕನ್ನು ಒಳಬಿಡುವ ಶಕ್ತಿ. ಎಫ್ 1.4ರ ಲೆನ್ಸ್ ಎಫ್ 2.8ರ ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಎರಡನೆಯದರಲ್ಲಿ ಸೆಕೆಂಡಿನ 1/8 ಭಾಗ ಬೇಕಾಗುವ ಕಡೆ ಮೊದಲನೆಯದಕ್ಕೆ 1/30 ಸಾಕು. ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗಿ ಚಿತ್ರ ಮಸುಕಾಗುವುದಕ್ಕೂ ಆಗದಿರುವುದಕ್ಕೂ ಇರುವ ಅಂತರ ಇಷ್ಟೇ. ಇನ್ನು, ಇಕ್ಕಟ್ಟಾದ ಸುರಂಗದಲ್ಲಿ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ. 28 ಅಥವಾ 35 ಮಿ.ಮೀ. ಲೆನ್ಸ್ ಹತ್ತಿರದಿಂದಲೇ ಮನುಷ್ಯನನ್ನೂ ಅವನ ಸುತ್ತಲಿನ ಬಂಡೆಯನ್ನೂ ಒಟ್ಟಿಗೆ ತೋರಿಸುತ್ತದೆ.

ರೇಂಜ್‌ಫೈಂಡರಿನ ಲೆಕ್ಕಾಚಾರ

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಲೆನ್ಸಿನಿಂದ ಪ್ರತ್ಯೇಕ. ಕೆಲವು ಸೆಂಟಿಮೀಟರ್ ಅಂತರದ ಎರಡು ಕಿಂಡಿಗಳಿಂದ ಬರುವ ಬಿಂಬಗಳು ನೋಟದ ನಡುವೆ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಒಂದು ಬಿಂಬ ಪಕ್ಕಕ್ಕೆ ಸರಿಯುತ್ತದೆ. ಎರಡೂ ಒಂದಾದಾಗ ಫೋಕಸ್ ಕೂಡಿದಂತೆ. 1932ರ ಲೈಕಾ 2 ಮಾದರಿ ಈ ವ್ಯವಸ್ಥೆಯನ್ನು ಲೆನ್ಸಿಗೇ ಜೋಡಿಸಿತು. 1954ರ ಲೈಕಾ ಎಂ3 ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ರೂಪ ಕೊಟ್ಟಿತು.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಏಳುತ್ತ ಬೀಳುತ್ತ ಇರುವ ಕನ್ನಡಿ ಇಲ್ಲಿಲ್ಲ. ಆದ್ದರಿಂದ ಕಂಪನ ಕಡಿಮೆ, ಸದ್ದು ಕಡಿಮೆ. ಚಿತ್ರ ತೆಗೆಯುವ ಕ್ಷಣದಲ್ಲಿ ನೋಟವೂ ಮರೆಯಾಗದು. ಕನ್ನಡಿಗೆ ಜಾಗ ಬಿಡಬೇಕಾಗಿಲ್ಲದ ಕಾರಣ ಲೆನ್ಸಿನ ಹಿಂಭಾಗ ಫಿಲ್ಮಿನ ಹತ್ತಿರಕ್ಕೆ ಬರಬಹುದು. ಲೈಕಾ ಎಂ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿಗೆ 27.8 ಮಿ.ಮೀ.; ನಿಕಾನ್ ಎಫ್ ಮಾದರಿಯಲ್ಲಿ 46.5 ಮಿ.ಮೀ. ವೈಡ್ ಆಂಗಲ್ ಲೆನ್ಸ್‌ಗಳನ್ನು ಚಿಕ್ಕದಾಗಿ ರೂಪಿಸಲು ಸಾಧ್ಯವಾದದ್ದು ಇದರಿಂದ. ಮಂದ ಬೆಳಕಿನಲ್ಲೂ ಕಿಂಡಿಯ ನೋಟ ಲೆನ್ಸಿನ ವೇಗವನ್ನು ಅವಲಂಬಿಸಿ ಕಪ್ಪಾಗುವುದಿಲ್ಲ. ಗಣಿಯೊಳಗೆ ಶಿರಸ್ತ್ರಾಣದ ಅಂಚು, ಕೊರೆಯುವ ಯಂತ್ರದ ಹಿಡಿಕೆಯಂಥ ಒಂದು ಸ್ಪಷ್ಟ ಗೆರೆ ಸಿಕ್ಕರೆ ಫೋಕಸ್ ಮಾಡಬಹುದು.

ಎಲ್ಲಿ ಎಡವಬಹುದು?

ವೈಡ್ ಆಂಗಲ್ ಲೆನ್ಸಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಲೆನ್ಸನ್ನು ಪೂರ್ತಿ ತೆರೆದಾಗ ಅದು ನಿಜವಲ್ಲ. 35 ಮಿ.ಮೀ. ಲೆನ್ಸನ್ನು ಎಫ್ 1.4ರಲ್ಲಿಟ್ಟು 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಸುಮಾರು 1.87 ಮೀಟರಿನಿಂದ 2.15 ಮೀಟರಿನವರೆಗೆ ಮಾತ್ರ ಚಿತ್ರ ಸ್ಪಷ್ಟ.

ಇದರ ಜೊತೆಗೆ ಇನ್ನೊಂದು ತೊಡಕು. ಫೋಕಸ್ ಗುರುತು ಇರುವುದು ನೋಟದ ನಡುವೆ ಮಾತ್ರ. ಕಾರ್ಮಿಕನ ಮುಖಕ್ಕೆ ಫೋಕಸ್ ಮಾಡಿ, ಅನಂತರ ಅವನನ್ನು ಚಿತ್ರದ ಅಂಚಿಗೆ ತರಲು ಕ್ಯಾಮೆರಾವನ್ನು 25 ಡಿಗ್ರಿ ತಿರುಗಿಸಿದರೆ, ಸ್ಪಷ್ಟತೆಯ ಸಮತಲ ಅವನಿಂದ ಸುಮಾರು 19 ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಮುಖ ಮಸುಕು, ಬೆನ್ನ ಹಿಂದಿನ ಬಂಡೆ ಸ್ಪಷ್ಟ! ತಿರುಗಿಸಿದ ಮೇಲೆ ಗೇಣಿಗಿಂತ ತುಸು ಕಡಿಮೆ ಹಿಂದಕ್ಕೆ ವಾಲುವುದು ಇದಕ್ಕೆ ಪರಿಹಾರ. 28 ಮಿ.ಮೀ., ಎಫ್ 2ರ ಲೆನ್ಸ್ ಇದೇ ದೂರದಲ್ಲಿ 1.74ರಿಂದ 2.36 ಮೀಟರ್ ವರೆಗೆ ಸ್ಪಷ್ಟತೆ ಕೊಡುವುದರಿಂದ, ಅದರಲ್ಲಿ ಈ ತಪ್ಪು ಅಷ್ಟಾಗಿ ಕಾಣದು. ಹೊಸಬರಿಗೆ ಅದೇ ಕ್ಷೇಮ.

ದೊಡ್ಡ ಲೆನ್ಸಿನ ಮೂತಿ ನೋಟದ ಕಿಂಡಿಯ ಒಂದು ಮೂಲೆಯನ್ನು ಮರೆಮಾಡುವುದುಂಟು. ಪೂರ್ತಿ ತೆರೆದಾಗ ಚಿತ್ರದ ಮೂಲೆಗಳು ಮಬ್ಬಾಗುತ್ತವೆ. ಹಳೆಯ ಲೆನ್ಸುಗಳಲ್ಲಿ ಅಂಚಿಗೆ ಬಂದ ತಲೆದೀಪ ಚುಕ್ಕೆಯಾಗಿ ಉಳಿಯದೆ ರೆಕ್ಕೆ ಬಿಚ್ಚಿದಂತೆ ಹರಡುತ್ತದೆ. ದೀಪಗಳನ್ನು ಚಿತ್ರದ ನಡುಭಾಗದಲ್ಲಿ ಇರಿಸಿಕೊಂಡರೆ ಈ ದೋಷ ತಗ್ಗುತ್ತದೆ.

ನೆಲದ ಮೇಲೆ ಬೇರೆ ನಿಯಮ

ಗಣಿಯಿಂದ ಮೇಲೆ ಬಂದರೆ ಲೆಕ್ಕ ತಲೆಕೆಳಗು. ಐಎಸ್‌ಒ 400ರ ಫಿಲ್ಮಿಗೆ ಹಟ್ಟಿಯ ಬಿಸಿಲಿನಲ್ಲಿ ಎಫ್ 11, ಸೆಕೆಂಡಿನ 1/1000 ಸರಿಹೋಗುತ್ತದೆ. ಹಳೆಯ ಯಾಂತ್ರಿಕ ಲೈಕಾ ಎಂ ಕ್ಯಾಮೆರಾಗಳಲ್ಲಿ ಇದಕ್ಕಿಂತ ಹೆಚ್ಚಿನ ಶಟರ್ ವೇಗವಿಲ್ಲ, ಎಫ್ 1.4 ಅಲ್ಲಿ ನಿರುಪಯೋಗಿ. ಆದರೆ 28 ಮಿ.ಮೀ. ಲೆನ್ಸನ್ನು ಎಫ್ 11ರಲ್ಲಿಟ್ಟು 2.4 ಮೀಟರಿಗೆ ಹೊಂದಿಸಿದರೆ, 1.2 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಪಾಳಿ ಬದಲಾಗುವ ಹೊತ್ತಿನಲ್ಲಿ ಫೋಕಸಿನ ಚಿಂತೆಯೇ ಇಲ್ಲದೆ ಜನರ ಓಡಾಟವನ್ನು ಚಿತ್ರಿಸಬಹುದು.

ಇಂದಿನ ಡಿಜಿಟಲ್ ಕ್ಯಾಮೆರಾಗಳು ಐಎಸ್‌ಒ 6400ರಲ್ಲೂ ಒಪ್ಪುವ ಚಿತ್ರ ಕೊಡುವುದರಿಂದ ವೇಗದ ಲೆನ್ಸ್ ಅನಿವಾರ್ಯವಾಗಿ ಉಳಿದಿಲ್ಲ. ಅಗ್ಗದ ಎಫ್ 2.8ರ ಲೆನ್ಸಿನಿಂದಲೂ ಕೆಲಸ ಸಾಗುತ್ತದೆ. ಗಣಿಯೊಳಗಿನ ಯಾವುದೇ ಚಿತ್ರೀಕರಣಕ್ಕೆ ಆಡಳಿತದ ಅನುಮತಿ, ಸುರಕ್ಷತಾ ನಿಯಮಗಳ ಪಾಲನೆ ಮೊದಲು ಬೇಕು. ಸಾಧನ ಯಾವುದಾದರೂ ಇರಲಿ, ಇದ್ದ ಬೆಳಕಿನಲ್ಲೇ ತೆಗೆದ ಚಿತ್ರಕ್ಕೆ ಒಂದು ಪ್ರಾಮಾಣಿಕತೆ ಇರುತ್ತದೆ. ಹಟ್ಟಿಗೆ ಸಮೀಪದ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಬಂಡೆಯ ಮೇಲೆ ಬರೆದದ್ದು ಎರಡು ಸಾವಿರ ವರ್ಷ ಕಾದು ಓದುಗರನ್ನು ಪಡೆಯಿತು. ಬಂಡೆಯೊಳಗೆ ದುಡಿಯುವವರ ದಿನಗಳು ಹಾಗೆ ಕಾಯುವುದಿಲ್ಲ.