ಹರಿಹರದ ಲೇತು, ದಾವಣಗೆರೆಯ ಬಿಇ

ಹರಿಹರದ ಒಂದೇ ಹೈಸ್ಕೂಲಿನ, ಒಂದೇ ಬೆಂಚಿನ ಇಬ್ಬರು ಹುಡುಗರು ಎಸ್ಸೆಸ್ಸೆಲ್ಸಿ ಪಾಸಾದರು ಎಂದಿಟ್ಟುಕೊಳ್ಳಿ. ಜೂನ್ ಬಂದ ಮೇಲೂ ಇಬ್ಬರೂ ದಾವಣಗೆರೆಗೆ ಹೋಗುವ ಅದೇ ಬಸ್ಸು ಹತ್ತುತ್ತಾರೆ. ಒಬ್ಬ ಇಳಿಯುವುದು ಪಿಯು ಕಾಲೇಜಿಗೆ: ಎರಡು ವರ್ಷ ವಿಜ್ಞಾನ, ಸಂಜೆ ಟ್ಯೂಷನ್, ಸಿಇಟಿ, ಆಮೇಲೆ ನಾಲ್ಕು ವರ್ಷ ಬಿಇ. ಇನ್ನೊಬ್ಬ ಇಳಿಯುವುದು ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ಕಿಗೆ: ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ, ಡಿಸಿಇಟಿ ಪರೀಕ್ಷೆ, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಪ್ರವೇಶ, ಮತ್ತೆ ಮೂರು ವರ್ಷ. ಎರಡಕ್ಕೆ ನಾಲ್ಕು ಕೂಡಿದರೆ ಆರು. ಮೂರಕ್ಕೆ ಮೂರು ಕೂಡಿದರೂ ಆರೇ. ಹದಡಿ ರಸ್ತೆಯ ಯುಬಿಡಿಟಿ ಕಾಲೇಜಿನಿಂದ ಇಬ್ಬರೂ ಒಂದೇ ವರ್ಷ, ಅದೇ ವಿಟಿಯು ಪದವಿ ಹಿಡಿದು ಹೊರಬರಬಹುದು.

ಲೆಕ್ಕ ಇಷ್ಟು ಸರಳ. ಆದರೂ ಮೇ ತಿಂಗಳಲ್ಲಿ ಮನೆಮನೆಯ ಮಾತು ಕೇಳಿದರೆ ಎರಡನೆಯ ಹುಡುಗನ ಬಗ್ಗೆ ಅಯ್ಯೋ ಪಾಪ ಎನ್ನುವವರೇ ಜಾಸ್ತಿ. ತೊಂಬತ್ತು ದಾಟಿದವರಿಗೆ ಪಿಯು ಸೈನ್ಸ್, ಅರವತ್ತರ ಆಸುಪಾಸಿನವರಿಗೆ ಡಿಪ್ಲೊಮಾ, ಅದಕ್ಕೂ ಕೆಳಗಿದ್ದರೆ "ಐಟಿಐಗೆ ಹಾಕ್ರಿ" ಎನ್ನುವ ಅಲಿಖಿತ ಪಟ್ಟಿಯೊಂದು ಚಾಲ್ತಿಯಲ್ಲಿದೆ. ಹುಡುಗನ ಕೈ ಯಾವುದಕ್ಕೆ ಒಗ್ಗುತ್ತದೆ, ಹುಡುಗಿಗೆ ವೈರು-ಬೋರ್ಡುಗಳ ಹುಚ್ಚಿದೆಯೇ ಎಂದು ಕೇಳುವ ಕಾಲಂ ಆ ಪಟ್ಟಿಯಲ್ಲಿಲ್ಲ.

ಈಗ ಮೂರನೆಯವನನ್ನು ನೋಡೋಣ. ಅವನು ಐಟಿಐ ಸೇರಿ ಫಿಟ್ಟರ್ ಕಲಿಯುತ್ತಾನೆ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡೆರಡು ವರ್ಷದ ಟ್ರೇಡುಗಳು. ವೆಲ್ಡರ್ ಒಂದೇ ವರ್ಷದ್ದು. ಎರಡು ವರ್ಷದ ಐಟಿಐ ಮುಗಿಸಿದವರು ತಮ್ಮ ಟ್ರೇಡಿಗೆ ಹೊಂದುವ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಪ್ರವೇಶ ಪಡೆಯಬಹುದು. ಅಲ್ಲಿ ಎರಡು ವರ್ಷ, ಅಲ್ಲಿಂದ ಬಿಇಯಲ್ಲಿ ಮೂರು. ಒಟ್ಟು ಏಳು. ಪಿಯುಸಿ ಗೆಳೆಯನಿಗಿಂತ ಒಂದೇ ವರ್ಷ ಹೆಚ್ಚು. ಆ ಒಂದು ವರ್ಷದ ಬದಲಿಗೆ ಅವನ ಕೈಯಲ್ಲಿ ಮೂರು ಪ್ರಮಾಣಪತ್ರಗಳಿರುತ್ತವೆ, ಮತ್ತು ಎಲ್ಲಿ ನಿಂತರೂ ಬರಿಗೈಯಲ್ಲಿ ನಿಲ್ಲುವುದಿಲ್ಲ. ಐಟಿಐ ಪತ್ರವೊಂದೇ ಇದ್ದರೂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಹುದ್ದೆಗೆ, ಮುಂದೆ ಅಸಿಸ್ಟೆಂಟ್ ಲೋಕೊ ಪೈಲಟ್ ಪರೀಕ್ಷೆಗೆ ಅರ್ಜಿ ಹಾಕಬಹುದು. ಸಿವಿಲ್ ಡಿಪ್ಲೊಮಾ ಇದ್ದರೆ ಲೋಕೋಪಯೋಗಿಯಂಥ ಇಲಾಖೆಗಳ ಜೂನಿಯರ್ ಎಂಜಿನಿಯರ್ ಹುದ್ದೆ. ಪಿಯುಸಿ ಪಾಸಾಗಿ ಅಲ್ಲಿಗೇ ಓದು ನಿಲ್ಲಿಸಿದ ಹುಡುಗನ ಕೈಯಲ್ಲಿ ಅಂಕಪಟ್ಟಿ ಬಿಟ್ಟರೆ ಏನಿರುತ್ತದೆ?

ಈ ಸೀಮೆಗೆ ಇಂಥ ದಾರಿ ಹೊಸದಲ್ಲ. ಹರಿಹರ ಯಂತ್ರದ ಊರಾದದ್ದೇ ಹೀಗೆ ಕಲಿತವರಿಂದ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಾಗ ಹರಿಹರ ಮೈಸೂರು ಸಂಸ್ಥಾನದ ತುದಿ, ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯ. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದವರು ಅವರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ಹಿಡಿಯದೆಂದು ಗೊತ್ತಾದ ಮೇಲೆ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಅದನ್ನೇ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸಿದರು. ಆಮೇಲೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು. ಎಂಜಿನಿಯರಿಂಗ್ ಪದವಿ ಅವರ ಬಳಿ ಇರಲಿಲ್ಲ. ಇಂದು ನಮ್ಮ ಅಲಿಖಿತ ಪಟ್ಟಿಗೆ ಸಿಕ್ಕಿದ್ದರೆ ಅವರನ್ನು ಯಾವ ಸಾಲಿನಲ್ಲಿ ಕೂರಿಸುತ್ತಿದ್ದೆವೋ!

ಹರಿಹರದಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಉದ್ದಗಲದ ವರ್ಕ್‌ಶಾಪುಗಳಿಗೆ ಹೋದವು. ಕಾರ್ಖಾನೆಯ ಸುತ್ತಲ ಬಡಾವಣೆಗೆ ಯಂತ್ರಪುರ ಎಂದೇ ಹೆಸರು ನಿಂತಿತು. ಇಂಥ ಕಾರ್ಖಾನೆ ಊರಿನಲ್ಲಿದ್ದರೆ ಪಾಠಶಾಲೆಯ ಅರ್ಧ ಕೆಲಸ ಅದೇ ಮಾಡುತ್ತದೆ. ಹೊಸಬ ಹುಡುಗ ಮೈಕ್ರೋಮೀಟರ್ ಹಿಡಿಯುವುದನ್ನು, ಡ್ರಾಯಿಂಗ್ ಓದುವುದನ್ನು, ಟೂಲ್ ಮಸೆಯುವುದನ್ನು ಪಕ್ಕದ ಯಂತ್ರದ ಹಿರಿಯನಿಂದ ಕಲಿಯುತ್ತಾನೆ. ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು, ಎರಕದ ಮನೆಗಳು ಸುತ್ತ ಹುಟ್ಟುತ್ತವೆ. ಈ ಶತಮಾನದ ಆರಂಭದ ಹೊತ್ತಿಗೆ ಮೈಸೂರು ಕಿರ್ಲೋಸ್ಕರ್ ಬಾಗಿಲು ಮುಚ್ಚಿತು. ಸಂಬಳದ ಜೊತೆಗೆ ಆ ಕಲಿಕೆಯ ಜಾಗವೂ ಹೋಯಿತು. ಉಳಿದದ್ದು ಜಾಬ್ ವರ್ಕ್ ನೆಚ್ಚಿದ ಸಣ್ಣ ಘಟಕಗಳು, ಹೊಳೆಯಾಚೆಯ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ನಡೆಯುತ್ತಿರುವ ಹರಿಹರ ಪಾಲಿಫೈಬರ್ಸ್, ಮತ್ತು ಸರ್ಕಾರಿ ಉಪಕರಣಾಗಾರ ಹಾಗೂ ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ.

ಜಿಟಿಟಿಸಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಹರಿಹರದಲ್ಲೇ ಅದರ ಕೇಂದ್ರವಿದ್ದರೂ ಅನೇಕ ಪಾಲಕರಿಗೆ ಅದು ಐಟಿಐಯೋ ಪಾಲಿಟೆಕ್ನಿಕ್ಕೋ ತಿಳಿಯದು. ಎರಡೂ ಅಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯಿದು. ಇದರ ಹೆಸರಾಂತ ಕೋರ್ಸು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದವರು ಸೇರಬಹುದು. ಮೂರು ವರ್ಷ ಕೇಂದ್ರದಲ್ಲಿ, ನಾಲ್ಕನೆಯ ವರ್ಷ ಕಾರ್ಖಾನೆಯೊಳಗೆ. ಪ್ಲಾಸ್ಟಿಕ್ ಬಕೆಟ್ಟಿನಿಂದ ಕಾರಿನ ಬಾಗಿಲಿನವರೆಗೆ ಅಚ್ಚಿನಿಂದ ಬರುವ ಪ್ರತಿ ವಸ್ತುವಿಗೂ ಮೊದಲು ಒಬ್ಬರು ಅಚ್ಚು ಮಾಡಬೇಕಲ್ಲ, ಆ ವಿದ್ಯೆ ಇದು. ಯಂತ್ರದ ಮುಂದೆ ಕಳೆಯುವ ಗಂಟೆಗಳೇ ಇದರ ಬಂಡವಾಳ.

ದಾವಣಗೆರೆಯ ಕತೆ ಸ್ವಲ್ಪ ಬೇರೆ. ಹತ್ತಿ ಗಿರಣಿಗಳ ಈ ಊರಿಗೆ ತವನಪ್ಪನವರ್ ಮನೆತನದ ದಾನದಿಂದ 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಬಂತು, ಯುಬಿಡಿಟಿ ಅದೇ. 1979ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಬಿಐಇಟಿ ಬಂತು, ಗಿರಣಿ ಊರಿಗೆ ತಕ್ಕಂತೆ ಜವಳಿ ತಂತ್ರಜ್ಞಾನ ವಿಭಾಗವೂ ಬಂತು. ಗಿರಣಿಗಳು ಒಂದೊಂದಾಗಿ ನಿಂತವು, ಕಾಲೇಜುಗಳು ಬೆಳೆದವು. ಹಾಗಾಗಿ ಹರಿಹರದಲ್ಲಿ ಕೈಕಸುಬಿನ ನೆನಪಿದೆ, ದಾವಣಗೆರೆಯಲ್ಲಿ ಪದವಿಯ ಬಾಗಿಲಿದೆ, ನಡುವೆ ಹದಿನಾಲ್ಕು ಕಿಲೋಮೀಟರ್.

ಆ ಬಾಗಿಲಲ್ಲಿ ನಿಜವಾಗಿ ಅಡ್ಡ ಕೂತಿರುವುದು ಗಣಿತ. ಡಿಪ್ಲೊಮಾದಿಂದ ಬಂದವರು ಬಿಇ ಮೊದಲ ವರ್ಷ ಓದಿರುವುದಿಲ್ಲ. ಉಳಿದವರು ಅಲ್ಲಿ ಕಲಿತ ಕಲನಶಾಸ್ತ್ರ, ಅವಕಲ ಸಮೀಕರಣಗಳ ಕೊರತೆ ತುಂಬಲೆಂದು ವಿಟಿಯು ಇವರಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಇಟ್ಟಿತು. ಪ್ರಶ್ನೆಪತ್ರಿಕೆಯ ಮೇಲೆ 'ಮ್ಯಾಟ್‌ಡಿಪ್' ಎಂಬ ಸಂಕೇತ ಇರುತ್ತಿದ್ದದ್ದು ಅದಕ್ಕೇ. ಮೂರನೇ ಸೆಮಿಸ್ಟರಿನ ಗಣಿತದ ಜೊತೆಗೇ ಈ ಹೊರೆಯನ್ನೂ ಹೊರಬೇಕು. ವರ್ಕ್‌ಶಾಪಿನಲ್ಲಿ, ಲ್ಯಾಬಿನಲ್ಲಿ ಪಿಯುಸಿ ಗೆಳೆಯರಿಗೆ ದಾರಿ ತೋರಿಸುವ ಹುಡುಗನೇ ಇಲ್ಲಿ ಬ್ಯಾಕ್‌ಲಾಗ್ ಹೊತ್ತು ತಿರುಗುವುದುಂಟು. ಐಟಿಐಯಿಂದ ಡಿಪ್ಲೊಮಾಗೆ ಹತ್ತಿದವನಿಗೂ ಇದೇ ಕಷ್ಟ, ಜೊತೆಗೆ ಇಂಗ್ಲಿಷಿನದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಲೇತಿನ ಬಿಡಿಭಾಗಗಳ ಇಂಗ್ಲಿಷ್ ಹೆಸರುಗಳು ಬಾಯಿಪಾಠ. ಅದೇ ಲೇತಿನ ಬಗ್ಗೆ ಪುಸ್ತಕದ ಒಂದು ಪುಟ ಇಂಗ್ಲಿಷಿನಲ್ಲಿ ಬಂದರೆ ತಡವರಿಕೆ. ದಾರಿ ಕಾಗದದ ಮೇಲೆ ಪೂರ್ತಿ ತೆರೆದಿದೆ. ಹತ್ತುವವರು ಕಡಿಮೆಯಾದರೆ ಅದಕ್ಕೆ ಬುದ್ಧಿಯನ್ನು ದೂರುವ ಮೊದಲು, ಈ ಎರಡು ತಿರುವುಗಳಲ್ಲಿ ಕೈಹಿಡಿಯುವ ವ್ಯವಸ್ಥೆ ಎಷ್ಟಿದೆ ಎಂದು ನೋಡಬೇಕು. ಸಿಇಟಿ, ನೀಟ್ ಕೋಚಿಂಗಿಗೆ ಹೆಸರಾದ ದಾವಣಗೆರೆಯಲ್ಲಿ ಎರಡು ತಿಂಗಳ ಸೇತುಬಂಧ ಗಣಿತ ತರಗತಿ ನಡೆಸುವುದು ಅಸಾಧ್ಯದ ಮಾತೇನಲ್ಲ.

ಕರ್ನಾಟಕ ವೃತ್ತಿಶಿಕ್ಷಣದ ವಿಚಾರದಲ್ಲಿ ಒಮ್ಮೆ ಮುಂದೆ ಹೋಗಿ ಹಿಂದೆ ಬಂದ ರಾಜ್ಯ. 1970ರ ದಶಕದ ಕೊನೆಯಲ್ಲಿ ಪಿಯು ಮಟ್ಟದಲ್ಲೇ ಅದನ್ನು ತಂದಿತು. ಜೆಒಸಿ ಎಂದು ಹಳಬರಿಗೆ ನೆನಪಿರುವ ಆ ಕೋರ್ಸುಗಳಲ್ಲಿ ಪಾಠ ಮಾಡುತ್ತಿದ್ದವರು ಹೆಚ್ಚಾಗಿ ಅರೆಕಾಲಿಕರು. ಕೊನೆಗೆ ಕೋರ್ಸುಗಳೇ ನಿಂತವು, ಬೋಧಕರನ್ನು ಬೇರೆ ಸೇವೆಗಳಿಗೆ ವಿಲೀನಗೊಳಿಸಲು 2011ರಲ್ಲಿ ಕಾಯ್ದೆ ಮಾಡಬೇಕಾಯಿತು. ಇಡೀ ದೇಶದ ಚಿತ್ರವೂ ಹೆಮ್ಮೆಪಡುವಂತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಉಲ್ಲೇಖಿಸಿದ ಅಂದಾಜಿನಂತೆ 19ರಿಂದ 24 ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಜರ್ಮನಿಯ ಹದಿಹರೆಯದವರು ವಾರದ ಒಂದೆರಡು ದಿನ ಶಾಲೆಯಲ್ಲಿ, ಉಳಿದ ದಿನ ಕಂಪನಿಯಲ್ಲಿ ಸಂಬಳದೊಂದಿಗೆ ಕಲಿಯುತ್ತಾರೆ. ಅಲ್ಲಿ ಕಲಿಸುವ ಹೊಣೆಯನ್ನು ಕಂಪನಿಯೂ ಹೊರುತ್ತದೆ, ನಮ್ಮಲ್ಲಿ ಹೆಚ್ಚಾಗಿ ಸರ್ಕಾರವೇ.

ಸರ್ಕಾರ ಇತ್ತೀಚೆಗೆ ಹಣ ಸುರಿದಿಲ್ಲವೆಂದಲ್ಲ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ನವೀಕರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಸಿಎನ್‌ಸಿ, ರೋಬೋಟು, ತ್ರೀಡಿ ಮುದ್ರಣ ತರಗತಿಗೆ ಬಂದವು. 2020-21ರಿಂದ ಪಾಲಿಟೆಕ್ನಿಕ್‌ಗಳಿಗೆ ಬಂದ ಸಿ-20 ಪಠ್ಯಕ್ರಮ ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ತಂದಿತು. ಅಪ್ರೆಂಟಿಸ್‌ಗಳ ಭತ್ಯೆಯನ್ನೂ 2019ರಲ್ಲಿ ಏರಿಸಿ, ಐಟಿಐ ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಬಾಡಿಗೆ ಕೋಣೆ, ಮೆಸ್ಸು ಕಳೆದರೆ ಉಳಿಯುವುದು ಎಷ್ಟೆಂದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಹುಡುಗರನ್ನೇ ಕೇಳಬೇಕು.

ಐಟಿಐ, ಡಿಪ್ಲೊಮಾದ ಈ ದಾರಿ ಎಲ್ಲ ಕಡೆಗೂ ಮುಟ್ಟುತ್ತದೆಂದು ನಂಬಿಸುವುದು ತಪ್ಪು. ಡಾಕ್ಟರಾಗುವ ಆಸೆಯಿದ್ದರೆ ಪಿಯು ವಿಜ್ಞಾನವೇ ಗತಿ. ಐಟಿಐ ಮುಗಿಸಿ ಬಿಎ, ಬಿಕಾಂ ಕಡೆ ತಿರುಗಬೇಕೆನ್ನುವವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ (ಎನ್‌ಐಒಎಸ್) ಮೂಲಕ ಭಾಷೆಯೂ ಸೇರಿದಂತೆ ನಿಗದಿತ ವಿಷಯಗಳಲ್ಲಿ ಪಾಸಾಗಿ ಹನ್ನೆರಡನೇ ತರಗತಿಯ ತತ್ಸಮಾನತೆ ಪಡೆಯಬಹುದು. ಸೇರುವ ಮುನ್ನ ಆ ಐಟಿಐಗೆ, ಆ ಟ್ರೇಡಿಗೆ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳದಿದ್ದರೆ ಮುಂದಿನ ಹಂತಗಳಲ್ಲಿ ತೊಡಕು.

ಹತ್ತೊಂಬತ್ತರ ವಯಸ್ಸಿನಲ್ಲಿ ಇನ್ನೊಂದು ಕವಲು ಎದುರಾಗುತ್ತದೆ. ಡಿಪ್ಲೊಮಾ ಮುಗಿಯುವ ಹೊತ್ತಿಗೆ ಕಂಪನಿಯೊಂದು ಕೆಲಸ ಕೊಡುತ್ತೇನೆನ್ನುತ್ತದೆ. ಅದೇ ಬೇಸಿಗೆಯಲ್ಲಿ ಡಿಸಿಇಟಿ. ಜಗಳೂರಿನ ಮಳೆ ನಂಬಿದ ಹೊಲದ ಮನೆಯವನು ಹೆಚ್ಚಾಗಿ ಕೆಲಸವನ್ನೇ ಆರಿಸುತ್ತಾನೆ, ಬಿಇ ಆಮೇಲೆ ನೋಡೋಣ ಎನ್ನುತ್ತಾನೆ. ಆ 'ಆಮೇಲೆ'ಗಾಗಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2023ರಲ್ಲಿ ಉದ್ಯೋಗಸ್ಥರಿಗೆ ಬಿಇ ಓದುವ ಅವಕಾಶ ತೆರೆಯಿತು: ಕನಿಷ್ಠ ಒಂದು ವರ್ಷದ ಅನುಭವ ಬೇಕು, ಕೆಲಸದ ಜಾಗ ಕಾಲೇಜಿಗೆ ಹತ್ತಿರವಿರಬೇಕು, ತರಗತಿ ಅವರ ಪಾಳಿಗೆ ಹೊಂದುವ ಹೊತ್ತಿನಲ್ಲಿ. ಹರಿಹರದ ಶೆಡ್ಡಿನಿಂದ ದಾವಣಗೆರೆಯ ಕಾಲೇಜಿಗೆ ದೂರದ ಷರತ್ತು ತೊಡಕಾಗದು. ಸಂಜೆ ಆರಕ್ಕೆ ಪಾಠ ಶುರುಮಾಡಲು ಕಾಲೇಜು ಸಿದ್ಧವಿರಬೇಕು, ಐದಕ್ಕೆ ಹುಡುಗನನ್ನು ಬಿಡಲು ಶೆಡ್ಡಿನ ಯಜಮಾನ ಒಪ್ಪಬೇಕು.